ಸ್ಪಷ್ಟನೆ: ‘ವಿನಾಶ’ವು ‘ನಾಶ’ದ ವಿರುದ್ಧ ಪದವಲ್ಲ

ಸ್ಪರ್ಧಾತ್ಮಕ ಪರೀಕ್ಷೆಯ ಟಿಪ್ಪಣಿ ಎಂದು ಹರಿದಾಡುತ್ತಿರುವ ಪಟ್ಟಿಯೊಂದರಲ್ಲಿ ‘ನಾಶ × ವಿನಾಶ’ ಎಂದಿದೆ. ಇದು ತಪ್ಪು. ಎರಡೂ ಸಮಾನಾರ್ಥಕಗಳು.

ಗೊಂದಲಕ್ಕೆ ಕಾರಣ ‘ವಿ’ ಉಪಸರ್ಗ. ಕ್ರಯ–ವಿಕ್ರಯ, ಯೋಗ–ವಿಯೋಗಗಳಲ್ಲಿ ಅದು ಅರ್ಥವನ್ನು ತಿರುಗಿಸುತ್ತದೆ, ನಿಜ. ಆದರೆ ವಿನಾಶ, ವಿಧ್ವಂಸ, ವಿಶುದ್ಧಗಳಲ್ಲಿ ಅರ್ಥವನ್ನು ಗಟ್ಟಿ ಮಾಡುತ್ತದೆ. ವಿನಾಶವೆಂದರೆ ಪೂರ್ತಿ ನಾಶ. ನಿಷೇಧ ಬೇಕಿದ್ದರೆ ‘ಅ’ ಸೇರಿಸಬೇಕು: ಅವಿನಾಶಿ, ಅಂದರೆ ನಾಶವಿಲ್ಲದ್ದು.

ಅದೇ ಪಟ್ಟಿ ನಾಶ, ಧ್ವಂಸ, ಹಾನಿ, ಅಳಿವು, ಲಯ ಎಲ್ಲಕ್ಕೂ ‘ಸೃಷ್ಟಿ’ಯನ್ನೇ ವಿರುದ್ಧ ಪದವಾಗಿ ಕೊಟ್ಟಿದೆ. ನಾಶಕ್ಕೂ ಲಯಕ್ಕೂ ಅದು ಸರಿ. ಅಳಿವಿಗೆ ಉಳಿವು, ಧ್ವಂಸಕ್ಕೆ ನಿರ್ಮಾಣ, ಹಾನಿಗೆ ಸಂದರ್ಭ ನೋಡಿಕೊಂಡು ಲಾಭ ಅಥವಾ ವೃದ್ಧಿ.

ಸಮಾನಾರ್ಥಕಗಳನ್ನೂ ಕಣ್ಣುಮುಚ್ಚಿ ಅದಲುಬದಲು ಮಾಡಬೇಡಿ. ಧ್ವಂಸಕ್ಕೆ ಬಲಪ್ರಯೋಗ ಬೇಕು: ಗೋಡೆ ಕೆಡವಿದರೆ ಧ್ವಂಸ, ಹುಳ ತಿಂದ ಬೆಳೆ ಧ್ವಂಸವಾಗುವುದಿಲ್ಲ. ‘ಬೆಳೆ ಹಾನಿ’ ಎಂದರೆ ಒಂದಿಷ್ಟು ಕೈಗೆ ಸಿಗಬಹುದು. ‘ಬೆಳೆ ನಾಶ’ ಎಂದರೆ ಹೋಯಿತು. ಕ್ರಿಯಾಪದದಲ್ಲೂ ಎಚ್ಚರ ಬೇಕು: ಕಾಡು ತಾನೇ ‘ನಶಿಸುತ್ತದೆ’, ಕಡಿಯುವವರು ಅದನ್ನು ‘ನಾಶಮಾಡುತ್ತಾರೆ’. ‘ಕಾಡನ್ನು ನಶಿಸಿದರು’ ಎಂಬ ವಾಕ್ಯ ನಿಲ್ಲದು.