ಜೀಪಿನ ಅಡಿ ಮಲಗಿದ್ದು ತಪ್ಪಾ?

ಹೋದ ಭಾನುವಾರ ವಿಡಿಯೋ ಕಾಲ್ ಮಾಡಿ ದೊಡ್ಡಪ್ಪನಿಗೆ ನನ್ನ ಜೀಪು ತೋರಿಸಿದೆ. ಮೊದಲಿಗಿಂತ ಎರಡೂವರೆ ಇಂಚು ಎತ್ತರವಾಗಿ ನಿಂತಿತ್ತು. ಎರಡು ಶನಿವಾರ, ಒಂದು ಭಾನುವಾರ ಮನೆಯ ಗ್ಯಾರೇಜಿನ ನೆಲದ ಮೇಲೆ ಅಂಗಾತ ಮಲಗಿ ನಾನೇ ಮಾಡಿದ ಕೆಲಸ. ಹೊಸ ಸ್ಪ್ರಿಂಗು, ಹೊಸ ಶಾಕು ಅಂತ ಒಂದೊಂದನ್ನೂ ತೋರಿಸುತ್ತಾ ಹೋದೆ. ದೊಡ್ಡಪ್ಪ ಬಾಯಲ್ಲಿ ಕವಳ ಇಟ್ಟುಕೊಂಡು ಸುಮ್ಮನೆ ನೋಡಿದ. ಎದ್ದು ಹೋಗಿ ಉಗಿದು ಬಂದ. ಆಮೇಲೆ ಒಳಗಿದ್ದ ದೊಡ್ಡಾಯಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, “ತಮಾ, ದುಡ್ಡಿಗೆ ಎಂತಾದ್ರೂ ತೊಂದ್ರೆ ಇದ್ದಾ? ಗ್ಯಾರೇಜಿಗೇ ಕೊಡ್ಲಾಗಿತ್ತಲೋ” ಅಂದ.

ಹಾಗೇನಿಲ್ಲ ದೊಡ್ಡಪ್ಪ ಅಂತ ಹೇಳಿ ಫೋನಿಟ್ಟೆ. ಆದರೆ ಆ ಮಾತು ವಾರವಿಡೀ ಚುಚ್ಚಿತು. ಅವನ ಮೇಲೆ ಸಿಟ್ಟಿಲ್ಲ, ಅವನು ಕೇಳಿದ್ದು ಅಕ್ಕರೆಯಿಂದಲೇ. ನಮ್ಮ ಕಡೆ ಜೀಪಿನ ಯಜಮಾನ ಜೀಪಿನ ಅಡಿಗೆ ಹೋಗಿ ಮಲಗಿದ ಅಂದರೆ ಅವನಿಗೆ ಏನೋ ಕಷ್ಟ ಬಂದಿದೆ ಅಂತಲೇ ಅರ್ಥ. ಚುಚ್ಚಿದ್ದು ಅದು.

ಜೀಪು ನನಗೆ ಹೊಸದಲ್ಲ. ಶಿರಸಿಯ ಕಡೆ ತೋಟದ ಮನೆಯಲ್ಲಿ ಹುಟ್ಟಿದವನು ನಡೆಯೋದು ಕಲಿಯುವ ಮೊದಲೇ ಜೀಪು ಹತ್ತಿರುತ್ತಾನೆ. ನಮ್ಮ ಮನೆಯ ಹಳೇ ಮಹೀಂದ್ರ ಬೆಟ್ಟದಿಂದ ದರಕು (ಒಣ ಎಲೆ) ತಂದಿದೆ, ತೋಟಕ್ಕೆ ಗೊಬ್ಬರ ಹೊತ್ತಿದೆ, ಪೇಟೆಗೆ ಅಡಕೆ ಚೀಲ ಒಯ್ದಿದೆ, ಮಳೆಗಾಲದ ರಾತ್ರಿ ಬಸುರಿಯರನ್ನು ಆಸ್ಪತ್ರೆಗೆ ಮುಟ್ಟಿಸಿದೆ. ಅಷ್ಟೆಲ್ಲ ಮಾಡಿದ ಆ ಗಾಡಿಯ ಹೊಟ್ಟೆ ಹೇಗಿದೆ ಅಂತ ನಾನು ಊರಲ್ಲಿದ್ದಷ್ಟು ವರ್ಷ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಮನೆಯಲ್ಲಿ ಯಾರೂ ನೋಡಿರಲಿಲ್ಲ.

ನೋಡುವಂತೆ ಮಾಡಿದವರು ಇಲ್ಲಿ ಅಮೆರಿಕದ ಡೆನ್ವರಿನ ಹೊರವಲಯದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದೆ. ಹೋದ ಬೇಸಿಗೆಯಲ್ಲಿ ನಾನು ನನ್ನ ಜೀಪು, 2012ರ ರ‍್ಯಾಂಗ್ಲರ್ ತಗೊಂಡು ಇಮೋಜೀನ್ ಪಾಸ್ ಹತ್ತಿದ್ದೆ. 13,114 ಅಡಿ ಎತ್ತರದ ಹಳೇ ಗಣಿ ರಸ್ತೆ ಅದು. ಬರೀ ಬಂಡೆ. ಮೂರು ಕಡೆ ಜೀಪಿನ ಅಡಿ ಬಂಡೆಗೆ ತಾಗಿ ‘ಕರ‍್ರ್’ ಅಂದಿತ್ತು. ಬಂದು ಅವರಿಗೆ ಹೇಳಿದರೆ, ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕು ಅಂದರು. ಎಲ್ಲಿ ಹಾಕಿಸಲಿ ಅಂತ ಕೇಳಿದೆ. ನನ್ನ ಎರಡು ಕೈ ನೋಡಿದರು, ನನ್ನ ಮನೆಯ ಗ್ಯಾರೇಜಿನ ಬಾಗಿಲು ತೋರಿಸಿದರು.

ಪೆಟ್ಟಿಗೆ ಬಿಚ್ಚಿದಾಗ ನಾಲ್ಕು ಸ್ಪ್ರಿಂಗು, ನಾಲ್ಕು ಶಾಕು, ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ಒಂದು ಟ್ರ್ಯಾಕ್ ಬಾರ್, ಬಂಪ್ ಸ್ಟಾಪು, ಬ್ರೇಕ್ ಪೈಪಿನ ಬ್ರಾಕೆಟ್ಟುಗಳು, ಇಷ್ಟು ಇದ್ದವು. ಇಲ್ಲಿ ಬಿಡಿಭಾಗದ ಅಂಗಡಿಗೆ ಹೋದರೆ ಠೇವಣಿ ಇಟ್ಟು ದೊಡ್ಡ ದೊಡ್ಡ ಹತಾರು ಮನೆಗೆ ತರಬಹುದು, ವಾಪಸು ಕೊಟ್ಟರೆ ಪೂರ್ತಿ ದುಡ್ಡು ಕೈಗೆ. ಮೊದಲ ದಿನ ಇದನ್ನು ನಂಬೋದೇ ನನಗೆ ಕಷ್ಟವಾಯಿತು.

ಮೇಷ್ಟ್ರು ಪಾನಾ ಮುಟ್ಟಲಿಲ್ಲ. ಸ್ಟೂಲ್ ಹಾಕಿಕೊಂಡು ಕೂತು ಹೇಳುತ್ತಾ ಹೋದರು. ಜಾಕು ಎತ್ತೋದಕ್ಕೆ ಮಾತ್ರ, ನಿಲ್ಲಿಸೋದಕ್ಕೆ ಸ್ಟ್ಯಾಂಡು, ಅದೂ ಚಾಸಿಯ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿನ, ಅಡಿಗೆ. ಆ್ಯಕ್ಸಲ್ ಕೆಳಗಿಳಿಸುವ ಮೊದಲು ಬ್ರೇಕ್ ಪೈಪನ್ನೂ ಎಬಿಎಸ್ ವೈರನ್ನೂ ಬಿಡಿಸು, ಇಲ್ಲದಿದ್ದರೆ ಅಷ್ಟು ಭಾರದ ಆ್ಯಕ್ಸಲ್ ಆ ಸಣ್ಣ ಪೈಪಿಗೆ ಜೋತು ಬೀಳುತ್ತದೆ. ಹೇಳಿದ ಪ್ರತಿಯೊಂದಕ್ಕೂ ಕಾರಣ ಹೇಳಿದರು. ಕಾರಣ ಹೇಳದೆ ಒಂದು ಬೋಲ್ಟನ್ನೂ ಬಿಚ್ಚಿಸಲಿಲ್ಲ.

ಟ್ರ್ಯಾಕ್ ಬಾರ್ ನನಗೆ ಮೊದಲು ತಲೆಗೆ ಹತ್ತಲಿಲ್ಲ. ಅದು ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆ್ಯಕ್ಸಲಿಗೆ ಸೇರಿಸಿದ ಅಡ್ಡ ಕಂಬಿ. ಜೀಪಿನ ಮೈ ಎತ್ತರವಾದ ಕೂಡಲೇ ಮುಂದಿನ ಆ್ಯಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ ಅಂದರು. ಯಾಕೆ ಸರಿಯಬೇಕು? ಮಲಗಿದಲ್ಲೇ ಯೋಚನೆ ಮಾಡಿದೆ. ಕಣ್ಣಿಗೆ ಬಂದದ್ದು ನಮ್ಮ ತೋಟದ ಏಣಿ. ಮರಕ್ಕೆ ಒರಗಿಸಿದ ಏಣಿಯ ತಲೆ ಮೇಲಕ್ಕೆ ಸರಿಸಿದಷ್ಟೂ ಬುಡ ಮರದ ಹತ್ತಿರ ಬರುತ್ತದಲ್ಲ, ಅದೇ ಲೆಕ್ಕ. ಕಂಬಿಯ ಉದ್ದ ಅಷ್ಟೇ, ಓರೆ ಹೆಚ್ಚಾಯಿತು, ಅಡ್ಡಕ್ಕೆ ಮುಟ್ಟುವ ದೂರ ಕಮ್ಮಿಯಾಯಿತು. ಅದಕ್ಕೇ ಕಂಬಿಯನ್ನು ಆ ಕೊರತೆಯಷ್ಟು ಉದ್ದ ಮಾಡಿ ಕೂರಿಸಬೇಕು. ಚಾಸಿಯಿಂದ ಎಡ ಚಕ್ರಕ್ಕೆ ಎಷ್ಟು, ಬಲ ಚಕ್ರಕ್ಕೆ ಎಷ್ಟು ಅಂತ ಟೇಪು ಹಿಡಿದು ಸಮ ಮಾಡಿದೆ. ಏಣಿಯ ವಿಷಯ ಮೇಷ್ಟ್ರಿಗೆ ಹೇಳಿದಾಗ ಅವರ ಮುಖ ಅರಳಿದ್ದು ನೋಡಬೇಕಿತ್ತು.

ಕೊನೆಯ ಪಾಠ ಎಲ್ಲಕ್ಕಿಂತ ದೊಡ್ಡದು. ಆ್ಯಕ್ಸಲನ್ನು ಚಾಸಿಗೆ ಹಿಡಿದಿಡುವ ತೋಳು, ಅಂದರೆ ಕಂಟ್ರೋಲ್ ಆರ್ಮಿನ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿರುವಾಗ ಪೂರ್ತಿ ಬಿಗಿಯಬಾರದು. ಒಳಗೆ ರಬ್ಬರ್ ಬುಶ್ಶು ಇರುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಗಾಡಿ ನೆಲಕ್ಕಿಳಿದ ಮೇಲೆ ಆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿದು ಹೋಗುತ್ತದೆ. ಕೈಬಿಗಿ ಮಾಡಿ, ಗಾಡಿ ಇಳಿಸಿ, ಅದರ ಭಾರ ಅದರ ಕಾಲ ಮೇಲೆ ಬಂದ ನಂತರ ಅಡಿಗೆ ತೂರಿ, ಬಿಗಿ ಎಷ್ಟು ಅಂತ ಅಳೆಯುವ ಪಾನಾ, ಟಾರ್ಕ್ ವ್ರೆಂಚಿನಲ್ಲಿ ಬಿಗಿಯಬೇಕು. ಟ್ರ್ಯಾಕ್ ಬಾರಿಗೆ 125 ಪೌಂಡ್-ಅಡಿ. ‘ಟಕ್’ ಅಂತ ವ್ರೆಂಚ್ ಸದ್ದು ಮಾಡಿತು, ಆ ಬೋಲ್ಟಿಗೆ ಬಿಳಿ ಬಣ್ಣದ ಗೀರು ಎಳೆದೆ. ಅಂಥ ಗೀರು ಎಷ್ಟೋ ಎಳೆದೆ, ಒಂದೊಂದು ನೆನಪಿದೆ.

ಮೊದಲ ಸಲ ಓಡಿಸಿದಾಗ ತಪ್ಪಾಯಿತು. ನೇರ ಹೋಗುವಾಗ ಸ್ಟೀರಿಂಗ್ ಚಕ್ರ ವಾರೆ ನಿಂತಿತ್ತು, ಗಾಡಿ ಜಾರದಂತೆ ತಡೆಯುವ ಸ್ಟೆಬಿಲಿಟಿ ಕಂಟ್ರೋಲಿನ ದೀಪ ಹತ್ತಿಕೊಂಡಿತು. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಕಂಬಿ, ಡ್ರ್ಯಾಗ್ ಲಿಂಕ್, ಸರಿಮಾಡೋದು ಬಿಟ್ಟುಹೋಗಿತ್ತು. ಚಾಲಕ ತಿರುಗಿಸುತ್ತಿದ್ದಾನೆ, ಗಾಡಿ ತಿರುಗುತ್ತಿಲ್ಲ ಅಂತ ಕಂಪ್ಯೂಟರು ಗಾಬರಿಯಾಗುತ್ತದೆ. ವಾಪಸು ಬಂದು ಹತ್ತು ನಿಮಿಷದಲ್ಲಿ ಸರಿ ಮಾಡಿದೆ. ಯಾಕಾಯಿತು ಅಂತ ನನಗೆ ಗೊತ್ತಿತ್ತು. ಆ ಗೊತ್ತಿರೋದು ಇದೆಯಲ್ಲ, ಅದರ ಸುಖ ಬೇರೆ.

ಈಗ ಶಿರಸಿಗೆ ಬರುತ್ತೇನೆ. ಮಾರಿಕಾಂಬಾ ಜಾತ್ರೆಗೆ ಊರಿಗೆ ಹೋದಾಗ ನಮ್ಮ ಜೀಪಿನ ಹಿಂದಿನ ಬ್ಲೇಡು, ಅಂದರೆ ಸ್ಪ್ರಿಂಗಿನ ಪಟ್ಟಿ, ಕಟ್ಟಾಗಿತ್ತು. ದೊಡ್ಡಪ್ಪನೂ ನಾನೂ ಪೇಟೆಯ ಗ್ಯಾರೇಜಿಗೆ ಒಯ್ದೆವು. ಹದಿನೆಂಟೋ ಹತ್ತೊಂಬತ್ತೋ ಆಗಿದ್ದ ಹುಡುಗ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿದ. ಜೀಪು ನಿಂತಿದ್ದು ಒಂದು ಜಾಕಿನ ಮೇಲೆ, ಭದ್ರತೆಗೆ ಅಂತ ಪಕ್ಕದಲ್ಲಿ ಎರಡು ಚಿರೆಕಲ್ಲು. ಚಿರೆಕಲ್ಲು ಗೋಡೆಗೆ ಗಟ್ಟಿ. ಒಂದೇ ಕಡೆ ಜೀಪಿನ ಭಾರ ಬಿದ್ದರೆ ಪುಡಿಯಾಗಲು ಎಷ್ಟು ಹೊತ್ತು? ನಾನು ಬಗ್ಗಿ ಬ್ಲೇಡನ್ನು ಬಿಗಿದಿಡುವ ಯು-ಬೋಲ್ಟ್ ನೋಡಲು ಹೋದೆ. ಮಾಲೀಕರು ಓಡಿಬಂದು, “ಸರ್, ಬಟ್ಟೆ ಕೊಳೆ ಆಗ್ತದೆ. ನೀವು ಹೆಗ್ಡೇರನ್ನ ಕರ್ಕಂಡು ಹೋಗಿ ಚಾ ಕುಡ್ಕಂಡ್ ಬನ್ನಿ” ಅಂದರು. ದೊಡ್ಡಪ್ಪ ಆಗಲೇ ಹೊಟೇಲಿನ ಕಡೆ ಹೊರಟಿದ್ದ.

ಈ ‘ಚಾ ಕುಡ್ಕಂಡ್ ಬನ್ನಿ’ ಎಂಬುದೇ ನನ್ನ ತಕರಾರು. ನಾವು ಮೂರು ತಲೆಮಾರು ಚಾ ಕುಡಿದು ಬಂದೆವು. ಬಂದಾಗ ಕೆಲಸ ಮುಗಿದಿರುತ್ತದೆ, ಎಷ್ಟಾಯಿತು ಅಂತ ಕೇಳುತ್ತೇವೆ, ಕೊಡುತ್ತೇವೆ, ಹೋಗುತ್ತೇವೆ. ಅಡಿಗೆ ಮಲಗುವವನು ಬೇರೆ, ಮೇಲೆ ಕೂರುವವನು ಬೇರೆ ಅಂತ ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಮೇಲೆ ಕೂರುವವನು ಕೆಳಗೆ ಒಂದು ಸಲ ಮಲಗಿದ್ದರೆ ಆ ಹುಡುಗನ ಪಕ್ಕ ಚಿರೆಕಲ್ಲು ಇರುತ್ತಿತ್ತಾ? ಎದೆಯ ಮೇಲೆ ಒಂದೂವರೆ ಅಡಿ ದೂರದಲ್ಲಿ ಗಾಡಿ ತೂಗುವುದನ್ನು ಕಂಡವನು ಮಾರನೇ ದಿನವೇ ನಾಲ್ಕು ಸ್ಟ್ಯಾಂಡ್ ತರಿಸುತ್ತಿದ್ದ. ಆ ಹುಡುಗ ಬೋಲ್ಟಿಗೆ ಪೈಪು ತೂರಿಸಿ, ಉಸಿರು ಬಿಗಿಹಿಡಿದು, ಅಂದಾಜಿನಲ್ಲೇ ಬಿಗಿದ. ಅವನಿಗೂ ಯಾರೂ ಕಾರಣ ಹೇಳಿಲ್ಲ. ಏಣಿ ಹತ್ತುವ ಊರಿನ ಹುಡುಗ ಅವನು, ಟ್ರ್ಯಾಕ್ ಬಾರಿನ ಲೆಕ್ಕ ನನಗಿಂತ ಬೇಗ ಹಿಡಿಯುತ್ತಿದ್ದ.

ಕುಮಟೆಯಲ್ಲಿರುವ ಗೆಳೆಯ ತನ್ನ ಥಾರ್ ಎತ್ತರಿಸಬೇಕು ಅಂತಿದ್ದಾನೆ. ಬೇಡ ಅಂದಿದ್ದೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿದೆ, ತಯಾರಕರು ಕೊಟ್ಟ ಮೂಲ ರೂಪ ಬದಲಿಸಬಾರದು ಅಂತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಅವನಿಗೆ ನಾನು ಹೇಳೋದು ಇಷ್ಟೇ: ಎತ್ತರಿಸಬೇಡ, ಆದರೆ ಒಂದು ಸಲ ಅಡಿಗೆ ಹೋಗಿ ನೋಡು. ಸಮುದ್ರದ ಗಾಳಿಗೆ ಏನೇನು ತುಕ್ಕು ಹಿಡಿದಿದೆ ಅಂತಾದರೂ ಗೊತ್ತಾಗಲಿ.

ಇಷ್ಟು ಬರೆದು ಹೆಂಡತಿಗೆ ಓದಲು ಕೊಟ್ಟೆ. ಅವಳು ಸಿದ್ದಾಪುರದವಳು. ಪೂರ್ತಿ ಓದಿ, ಇಲ್ಲಿ ಗ್ಯಾರೇಜಿನಲ್ಲಿ ಗಂಟೆಗೆ ನೂರು ಡಾಲರಿಗೂ ಮೇಲೆ ಕೇಳುತ್ತಾರೆ ಅನ್ನೋದನ್ನು ಯಾಕೆ ಬರೆದಿಲ್ಲ ಅಂತ ಕೇಳಿದಳು. ಹೌದು, ಬರೆಯಬೇಕಿತ್ತು. ಇಲ್ಲಿಯವರು ತಾವೇ ಮಲಗೋದರಲ್ಲಿ ಅದರ ಪಾಲು ದೊಡ್ಡದು. ದೇವಿಮನೆ ಘಟ್ಟದ ಆ ರಾತ್ರಿಯನ್ನೂ ಬರೆ ಅಂದಳು. ಮದುವೆಯಾದ ವರ್ಷ, ಆಷಾಢದ ಮಳೆ, ಘಟ್ಟದ ನಡುವೆ ಜೀಪು ನಿಂತಿತ್ತು. ಅದೇ ಗ್ಯಾರೇಜಿನ ಮಾಲೀಕರು ಬೈಕಿನಲ್ಲಿ ತೋಯ್ದುಕೊಂಡು ಬಂದು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಹರಿಯುವ ನೀರಿನಲ್ಲಿ ಮಲಗಿ ರಿಪೇರಿ ಮಾಡಿದ್ದರು. ಪುಸ್ತಕ ಇಲ್ಲ, ವ್ರೆಂಚ್ ಇಲ್ಲ. ಆ ಕೈಗೆ ಎಲ್ಲ ಗೊತ್ತಿತ್ತು. ಅಂದು ನಾನು ಕೊಡೆ ಹಿಡಿದು ನಿಂತಿದ್ದೆ.

ಇನ್ನೊಂದನ್ನೂ ಒಪ್ಪಬೇಕು, ಒಪ್ಪಲು ಮನಸ್ಸು ಸ್ವಲ್ಪ ಹಿಂದೇಟು ಹಾಕುತ್ತಿದೆ. ಊರಲ್ಲಿ ಎಲ್ಲ ಅಂದಾಜು ಅನ್ನೋ ಹಾಗೆ ಬರೆದೆನಲ್ಲ, ಅದು ಪೂರ್ತಿ ಸರಿಯಲ್ಲ. ಮಳೆ ಹಿಡಿಯುವ ಮೊದಲು ಅಡಕೆಯ ಕೊಳೆರೋಗಕ್ಕೆ ಮದ್ದು ಹೊಡೆಯಲು ದೊಡ್ಡಪ್ಪ ಬೋರ್ಡೋ ದ್ರಾವಣ ಮಾಡೋದನ್ನು ಎಷ್ಟು ವರ್ಷ ನೋಡಿದ್ದೇನೆ! ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಸೊಂಟದ ಕತ್ತಿ ತೆಗೆದು ಅದರಲ್ಲಿ ಅದ್ದಿ ಹಿಡಿಯುತ್ತಾನೆ. ಎತ್ತಿ ಬೆಳಕಿಗೆ ತಿರುಗಿಸಿ ನೋಡುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನೂ ಹುಳಿ ಇದೆ ಅಂತ, ಮತ್ತಷ್ಟು ಸುಣ್ಣದ ತಿಳಿ ಬೀಳುತ್ತದೆ. ಕತ್ತಿ ಬೆಳ್ಳಗೇ ಬರುವ ತನಕ ಒಂದು ಹನಿ ಮದ್ದನ್ನೂ ಮರಕ್ಕೆ ಹೊಡೆಯಗೊಡುವುದಿಲ್ಲ. ಆ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಟ್ಟವನಲ್ಲ, ಆಗ ಚಾಕ್ಕೆ ಕರೆದರೂ ಬರುವವನಲ್ಲ. ಯಾಕೆ ಕೆಂಪಾಗುತ್ತದೆ ಅಂತ ನಾನು ಸಣ್ಣವನಿದ್ದಾಗ ಕೇಳಿದರೆ ಕೂರಿಸಿಕೊಂಡು ಹೇಳಿದವನೂ ಅವನೇ.

ಹಾಗಿದ್ದವನು ಜೀಪಿನ ಅಡಿಗೆ ಯಾಕೆ ಬಗ್ಗಲಿಲ್ಲ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿನ್ನೆ ಮತ್ತೆ ಫೋನ್ ಮಾಡಿದ್ದೆ. ಜೀಪಿನ ಇನ್ನೊಂದು ಬ್ಲೇಡು ಹೋಗಿದೆಯಂತೆ, ಅಂಗಳದಲ್ಲೇ ನಿಂತಿದೆ. ಬರುವ ತಿಂಗಳು ನಾನು ಊರಿಗೆ ಹೋಗುವವನಿದ್ದೇನೆ. ಗ್ಯಾರೇಜಿಗೆ ಒಯ್ಯಬೇಡ, ಆ ಹುಡುಗನನ್ನು ಒಂದು ದಿನ ಮನೆಗೇ ಕರೆಸು, ಅವನ ದಿನಗೂಲಿ ಕೊಡೋಣ, ಮೂವರೂ ಸೇರಿ ಮಾಡೋಣ ಅಂದೆ. ದೊಡ್ಡಪ್ಪ ಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಆ ‘ಟಕ್’ ಅನ್ನುವ ಪಾನಾ ಎಷ್ಟು ಭಾರ ಇದೆ, ವಿಮಾನದಲ್ಲಿ ತರಲು ಬಿಡುತ್ತಾರಾ ಅಂತ ಕೇಳಿದ.