ಚರಗದ ಭಜ್ಜಿ ಉಣ್ಣಬಹುದಾ?

ಹೈದರಾಬಾದಿನಲ್ಲಿ ನಾವು ಹೋಗುವ ತೆಲುಗು ಕ್ರೈಸ್ತ ಸಭೆಯಲ್ಲಿ ಪ್ರಸಾದ ಮುಟ್ಟಬಾರದು, ಬೊಟ್ಟು ಇಡಬಾರದು, ಹೂ ಮುಡಿಯಬಾರದು. ಯಾಕೆ ಅಂತ ಯಾರೂ ಕೇಳುವುದಿಲ್ಲ. ಎಳ್ಳಮಾವಾಸ್ಯೆಗೆ ಬೀದರಿಗೆ ಹೋಗುತ್ತೇನೆ ಅಂದಾಗ ಹಿರಿಯರೊಬ್ಬರು ಮುಖ ಗಂಟಿಕ್ಕಿದರು.

ನಮ್ಮ ಕಡೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಪೂಜೆ ಮಾಡಿ, ಬೆಳೆಯ ನಡುವೆ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯದ ಅಡುಗೆ, ಚೆಲ್ಲಿ, ಆಮೇಲೆ ಎಲ್ಲರೂ ಕೂತು ಭಜ್ಜಿ (ಕಾಳು, ಸೊಪ್ಪು, ತರಕಾರಿ ಕೂಡಿಸಿ ಬೇಯಿಸಿದ ಪಲ್ಯ), ಸಜ್ಜೆ ರೊಟ್ಟಿ, ಅಂಬಲಿ. ನಮ್ಮದು ಹಳೇ ಮೆಥಡಿಸ್ಟ್ ಮನೆ. ಆದರೂ ಪಕ್ಕದ ಹೊಲದವರು ಕರೆಯದ ವರ್ಷ ಇಲ್ಲ. ನಮ್ಮ ಆಯಿ ಹೋಗಿ ಹೊಟ್ಟೆ ತುಂಬಾ ಉಣ್ಣುತ್ತಿದ್ದಳು. ಅವಳ ತಮ್ಮನೂ ಹೋಗುತ್ತಿದ್ದ, ಆದರೆ ಉಣ್ಣುತ್ತಿರಲಿಲ್ಲ. ಅದನ್ನು ನೋಡಿ ಹೊಲದ ಯಜಮಾನ್ತಿ ಒಂದು ವರ್ಷ ಪೂಜೆಗೆ ಮೊದಲೇ ಒಂದು ಡಬ್ಬಿ ತುಂಬಿಸಿ ಪಕ್ಕಕ್ಕಿಟ್ಟಳು. ಆಮೇಲೆ ಅವನೂ ಉಂಡ. ಅಕ್ಕ ತಮ್ಮ ಒಂದೇ ಚಾಪೆ ಮೇಲೆ ಕೂತಿದ್ದು ನನಗೆ ನೆನಪಿದೆ. ಇದರ ಬಗ್ಗೆ ಅವರು ಜಗಳ ಆಡಿದ್ದು ನೆನಪಿಲ್ಲ.

ಬೈಬಲ್ ಕಾಲದಲ್ಲಿ ಕೊರಿಂಥ ಪಟ್ಟಣದ ಕ್ರೈಸ್ತರಿಗೂ ಇದೇ ತಲೆನೋವು ಇತ್ತು. ಪೇಟೆಯಲ್ಲಿ ಮಾರುವ ಮಾಂಸವನ್ನು ವಿಚಾರಿಸದೆ ತಿನ್ನಿ, ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ, ಆದರೆ ಇದು ನೈವೇದ್ಯದ್ದು ಅಂತ ಒಬ್ಬ ಹೇಳಿದರೆ ಅವನ ಮನಸ್ಸಾಕ್ಷಿಗಾಗಿ ಬಿಡಿ ಅಂತ ಅಪೊಸ್ತಲ ಪೌಲ ಅವರಿಗೆ ಬರೆದ. ನಮ್ಮ ಸಭೆಯವರು ಹಿಡಿದಿರುವುದು ಆ ಕೊನೆಯ ಮಾತು. ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಚರಗ ಚೆಲ್ಲುವುದು ಕಣ್ಣೆದುರೇ. ಆಯಿಗೆ ಈ ವಚನ ತೋರಿಸಿದ್ದರೆ ಏನನ್ನುತ್ತಿದ್ದಳೋ!

ಆದರೆ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯವೂ ಅದೇ ಪೌಲನದ್ದು. ತಿನ್ನುವವನು ತಿನ್ನದವನನ್ನು ಕೀಳಾಗಿ ಕಾಣಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡಬಾರದು. ಕಾಯಿಪಲ್ಯ ಮಾತ್ರ ತಿನ್ನುವವನನ್ನು ಅಲ್ಲಿ ನಂಬಿಕೆಯಲ್ಲಿ ಬಲಹೀನ ಅನ್ನುತ್ತಾನೆ. (ನಮ್ಮ ಭಜ್ಜಿ ಪೂರ್ತಿ ಕಾಯಿಪಲ್ಯವೇ, ಅದು ಬೇರೆ ಮಾತು.) ಹೈದರಾಬಾದಿನಲ್ಲಿ ಈ ಲೆಕ್ಕ ಉಲ್ಟಾ ಆಗಿದೆ. ಬೇಡ ಅನ್ನುವವನೇ ಗಟ್ಟಿ ವಿಶ್ವಾಸಿ, ಅವನು ಹೇಳಿದ್ದೇ ಎಲ್ಲರಿಗೂ ಕಟ್ಟಳೆ. ಬಲಹೀನನನ್ನು ಸೇರಿಸಿಕೊಳ್ಳಿ ಅಂದಿದ್ದು ಅವನ ಕೈಗೆ ಬೆತ್ತ ಕೊಡುವುದಕ್ಕಲ್ಲ, ಅಲ್ವಾ?

ನನ್ನ ಹೆಂಡತಿ ತೆಲುಗಿನವಳು, ಚರಗದ್ದು ಉಣ್ಣುವುದಿಲ್ಲ. ನಾನು ಉಣ್ಣುತ್ತೇನೆ. ಮೊದಲ ಸಲ ಅವಳನ್ನು ಕರೆದುಕೊಂಡು ಹೊರಟಾಗ ಹೊಲದ ಮನೆಯ ಹುಡುಗ ಫೋನ್ ಮಾಡಿದ.

"ಅಣ್ಣಾ, ವೈನಿಗಿ ಮೊದಲೇ ತೆಗದಿಡ್ಲೇನು?"

ಇಬ್ಬರಿಗೂ ಇಡು ಅಂದೆ.