ಬಡವರೆಂದು ಯಾರು ಬರೆದುಕೊಡಬೇಕು?

ಪುಣೆಯಲ್ಲಿ ನೌಕರಿಗಿರುವ ನಮ್ಮಂಥ ಕನ್ನಡಿಗರ ಪಗಾರ್ ಸ್ಲಿಪ್ಪಿನಲ್ಲಿ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ 300, ಒಟ್ಟು ವರ್ಷಕ್ಕೆ 2,500 ರೂಪಾಯಿ ಪಿ.ಟಿ. ಎಂದು ಮುರಿದುಕೊಳ್ಳುತ್ತಾರೆ. ಇನ್‌ಕಂ ಟ್ಯಾಕ್ಸ್ ಬಗ್ಗೆ ಗೊಣಗುವವರೂ ಈ ಸಾಲಿನತ್ತ ನೋಡುವುದಿಲ್ಲ. ಅದರ ಮೂಲ ತಿಳಿದರೆ ಮಾತ್ರ ಮನಸ್ಸಿಗೆ ಹಿತವೆನಿಸುತ್ತದೆ. 1975ರಲ್ಲಿ ಮಹಾರಾಷ್ಟ್ರ ಈ ವೃತ್ತಿ ತೆರಿಗೆ ತಂದದ್ದೇ ಹಳ್ಳಿಯ ಕೂಲಿಗೆ ದುಡ್ಡು ಹೊಂದಿಸಲು. ಪಟ್ಟಣದ ಸಂಬಳದಾರರಿಂದ ಬಂದಷ್ಟೇ ಮೊತ್ತವನ್ನು ಸರ್ಕಾರವೂ ಸೇರಿಸಿ ‘ರೋಜಗಾರ್ ಹಮೀ’ (ಉದ್ಯೋಗ ಖಾತರಿ) ಯೋಜನೆಗೆ ಇಡಬೇಕಿತ್ತು. ಮುಂಬೈಯ ಗುಮಾಸ್ತನ ಸಂಬಳಕ್ಕೂ ಬರದ ಊರಿನಲ್ಲಿ ಕಲ್ಲು ಒಡೆಯುವವಳ ಕೂಲಿಗೂ ಕಾನೂನು ನೇರ ಗಂಟು ಹಾಕಿತ್ತು.

ಈ ಯೋಜನೆಯ ಮೊದಲ ಪ್ರಯೋಗ ನಡೆದದ್ದು 1965ರಲ್ಲಿ, ನಮ್ಮ ಗಡಿಗೆ ಹತ್ತಿರದ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ಭಾಗದಲ್ಲಿ. ಅದರ ಹಿಂದಿದ್ದವರು ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆ. 1972ರ ಬರ ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಿತು, 1977ರಲ್ಲಿ ಕಾಯ್ದೆಯಾಯಿತು. ಅದರಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದೇ ಅಂಶ: ‘ನೀನು ಬಡವನೇ?’ ಎಂದು ಅದು ಯಾರನ್ನೂ ಕೇಳಲಿಲ್ಲ. ಹಳ್ಳಿಯ ಯಾವ ವಯಸ್ಕರಾದರೂ ಬಂದು ಕೆಲಸ ಕೇಳಬಹುದು. ಉರಿಬಿಸಿಲಲ್ಲಿ ಇಡೀ ದಿನ ಮಣ್ಣು ಹೊರಲು ಒಪ್ಪಿ ಬಂದವರಿಗೆ ಬೇರೆ ಪ್ರಮಾಣಪತ್ರ ಯಾಕೆ ಬೇಕು? ಉಳ್ಳವರು ತಾವಾಗಿಯೇ ದೂರ ಉಳಿಯುತ್ತಾರೆ.

ನಮ್ಮ ಊರ ಕಡೆ ಕಿವಿ ಕೊಟ್ಟರೆ ಬರೀ ಕಾರ್ಡಿನ ಸುದ್ದಿ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ಎಂದು ಎಷ್ಟೋ ಮನೆಗಳ ಕಾರ್ಡು ರದ್ದಾಗಿ ಗಲಾಟೆಯಾಯಿತು. ಕೊನೆಗೆ ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಬೇಕಾಯಿತು. ಆ ನಡುವಿನ ದಿನಗಳಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತು, ಮಿಷನ್ನಿಗೆ ಬೆರಳು ಒತ್ತಿ, ‘ನಿಮ್ಮ ಕಾರ್ಡು ತೋರಿಸ್ತಾ ಇಲ್ಲಮ್ಮ’ ಎಂದು ಕೇಳಿಸಿಕೊಂಡು ಹೋದವರ ಅವಮಾನ ಯಾವ ಲೆಕ್ಕಕ್ಕೂ ಸೇರಲಿಲ್ಲ.

ತೊಂದರೆ ಅಧಿಕಾರಿಗಳ ಮನಸ್ಸಿನಲ್ಲಿಲ್ಲ, ಅಳತೆಯಲ್ಲಿದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ರೂಪಾಯಿ. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370. ಆ ದರದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದರೆ 163ನೆಯ ದಿನಕ್ಕೆ ಗೆರೆ ದಾಟಿ ಶ್ರೀಮಂತರಾಗುತ್ತಾರೆ! ಹಾಗಾಗಿ ಯಾರೂ ನಿಜ ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. ಕೂಲಿಯವನಿಗೆ ಸಂಬಳದ ಚೀಟಿ ಇಲ್ಲ, ಒಕ್ಕಲಿಗನಿಗೆ ಒಂದು ವರ್ಷ ಈರುಳ್ಳಿ ಕೈ ಹಿಡಿದರೆ ಇನ್ನೊಂದು ವರ್ಷ ಹೊಲದಲ್ಲೇ ಕೊಳೆಯುತ್ತದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಕೂರುವುದು ಅವರ ದುಡಿಮೆಯಲ್ಲ, ಮಿತಿಗಿಂತ ಕೆಳಗಿನ ಯಾವುದೋ ಒಂದು ಅಂಕಿ. ಆಮೇಲೆ ಯಾವಾಗಲೋ ಕಂಪ್ಯೂಟರು ಅದನ್ನೇ ಹಿಡಿದು ಕುಟುಂಬವನ್ನು ಕಟಕಟೆಗೆ ನಿಲ್ಲಿಸುತ್ತದೆ.

ವಿಚಿತ್ರವೆಂದರೆ ದೇಶದಲ್ಲಿ ಬಡತನ ಎಷ್ಟಿದೆ ಎಂದು ಲೆಕ್ಕ ಹಾಕುವವರು ಆದಾಯವನ್ನು ನಂಬುವುದೇ ಇಲ್ಲ. ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ 1971ರಲ್ಲಿ ದಿನಕ್ಕೆ 2,250 ಕ್ಯಾಲೊರಿ ಊಟ ಸಿಗಬೇಕಾದರೆ ಎಷ್ಟು ಖರ್ಚಾಗುತ್ತದೆ ಎಂದು ನೋಡಿದರು. 1960-61ರ ಬೆಲೆಯಲ್ಲಿ ತಲೆಗೆ ತಿಂಗಳಿಗೆ ಹಳ್ಳಿಯಲ್ಲಿ 15 ರೂಪಾಯಿ, ಪಟ್ಟಣದಲ್ಲಿ 22.50 ಎಂದು ಗೆರೆ ಎಳೆದರು. ಅಂದಿನಿಂದ ಇಂದಿನವರೆಗೂ ಬಡತನದ ಲೆಕ್ಕಕ್ಕೆ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳುವುದು ಖರ್ಚನ್ನೇ. ಅದರಲ್ಲೂ ಎಚ್ಚರ ಬೇಕು: ತರಕಾರಿ, ಎಣ್ಣೆ, ಮೊಟ್ಟೆ, ಮಾಂಸವನ್ನು ಕಳೆದ 7 ದಿನಕ್ಕೆ ಕೇಳಬೇಕು, ಅಕ್ಕಿ, ಬೇಳೆಯನ್ನು 30 ದಿನಕ್ಕೆ, ಬಟ್ಟೆಬರೆ, ಶಾಲೆ ಫೀಸು, ಪಾತ್ರೆ ಪಗಡೆಯನ್ನು 365 ದಿನಕ್ಕೆ. ತಿಂಗಳ ಹಿಂದೆ ತಂದ ಸೊಪ್ಪು ಯಾರಿಗೂ ನೆನಪಿರುವುದಿಲ್ಲ, ಯುಗಾದಿಗೆ ಕೊಂಡ ಸೀರೆ ವಾರದ ಲೆಕ್ಕದಲ್ಲಿ ಸಿಗುವುದಿಲ್ಲ. 1999-2000ರಲ್ಲಿ ಆಹಾರದ ಖರ್ಚನ್ನು ಒಂದೇ ಮನೆಯಲ್ಲಿ 7 ದಿನಕ್ಕೂ 30 ದಿನಕ್ಕೂ ಅಕ್ಕಪಕ್ಕ ಕೇಳಿದ್ದರಿಂದ ಒಂದು ಉತ್ತರ ಇನ್ನೊಂದರ ಮೇಲೆ ಬಿದ್ದು, ಆ ವರ್ಷದ ಬಡತನದ ಅಂಕಿ ಎಷ್ಟೋ ಕಾಲ ವಾದಕ್ಕೆ ಸಿಕ್ಕಿಕೊಂಡಿತು. ಇಷ್ಟು ಜೋಪಾನ ಮಾಡಿದರೂ ಸಿಗುವುದು ಇಡೀ ರಾಜ್ಯದ ಚಿತ್ರ ಮಾತ್ರ. ಇಂಥ ಬೀದಿಯ ಇಂಥ ಮನೆ ಬಡವರದ್ದು ಎಂದು ಹೇಳುವ ಶಕ್ತಿ ಆ ಸಮೀಕ್ಷೆಗಿಲ್ಲ. ಆ ಕೆಲಸವನ್ನು ನಾವು ಒಂದು ಸಹಿ, ಒಂದು ಸೀಲಿಗೆ ಬಿಟ್ಟಿದ್ದೇವೆ.

ದಾಂಡೇಕರ್, ರಥ್ ಗೆರೆ ಎಳೆದು ಸುಮ್ಮನಾಗಲಿಲ್ಲ ಎಂಬುದನ್ನೂ ಹೇಳಬೇಕು. ಉಳ್ಳವರಿಂದ ತೆರಿಗೆ ಎತ್ತಿ ಹಳ್ಳಿಗಳಲ್ಲಿ ಕೆಲಸ ತೆರೆಯಿರಿ, ಬಡತನಕ್ಕೆ ಅದೇ ದಾರಿ ಎಂದರು. ಅಳೆದವರೇ ಮದ್ದನ್ನೂ ಹೇಳಿದ್ದರು, ಮಹಾರಾಷ್ಟ್ರ ಮಾಡಿ ತೋರಿಸಿತು, 2005ರ ನರೇಗಾ ಕಾಯ್ದೆಗೂ ಅದೇ ದಾರಿಯಾಯಿತು.

ನಮ್ಮ ಕಡೆ ನರೇಗಾ ಇರಲಿಲ್ಲವೇ? ಇತ್ತು, ಚೆನ್ನಾಗಿಯೇ ನಡೆಯಿತು. ಆದರೆ ಕೆಲಸವನ್ನು ಹಕ್ಕಾಗಿ ಕೇಳುವ ಅಭ್ಯಾಸ ಬೆಳೆಯಲಿಲ್ಲ ಎಂಬುದೇ ನನ್ನ ಅಸಮಾಧಾನ. ಕಾಯ್ದೆಯ ಜೀವ ಇದ್ದದ್ದು ನಮೂನೆ 6ರಲ್ಲಿ. ಅದನ್ನು ಪಂಚಾಯಿತಿಗೆ ಕೊಟ್ಟು, ತಾರೀಖು ಹಾಕಿದ ಸ್ವೀಕೃತಿ ಪಡೆಯಬೇಕಿತ್ತು. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ನಿರುದ್ಯೋಗ ಭತ್ಯೆ. ಆಗುತ್ತಿದ್ದದ್ದೇನು? ಕೆಲಸ ಬಂದ ದಿನವೇ ಅರ್ಜಿ ಹಾಕಿಸಿಕೊಳ್ಳುವುದು. ಆಗ ಕಾಗದದಲ್ಲಿ ಯಾರೂ ಒಂದು ದಿನವೂ ಕಾದಿಲ್ಲ, ಭತ್ಯೆಯ ಮಾತೇ ಏಳುವುದಿಲ್ಲ. ಅತ್ತ ಕಾದು ಕಾದು ಬೇಸತ್ತ ಯಾದಗಿರಿಯ ಸಂಸಾರ ಪುಣೆಯ ಕಟ್ಟಡದ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡಿರುತ್ತದೆ. ಒಂದು ದೇಶ ಒಂದು ಕಾರ್ಡು ಎಂಬುದರಿಂದ ಕೇಂದ್ರದ ತಲಾ 5 ಕಿಲೊ ಇಲ್ಲಿಯೂ ಸಿಗುತ್ತದೆ, ಆದರೆ ಅನ್ನಭಾಗ್ಯದಲ್ಲಿ ನಮ್ಮ ರಾಜ್ಯ ಕೊಡುವ ಹೆಚ್ಚುವರಿ ಪಾಲು ಗಡಿ ದಾಟುವುದಿಲ್ಲ. ಯೋಜನೆಯ ಹೆಸರು, ದಿನಗಳ ಲೆಕ್ಕ ಏನೇ ಬದಲಾಗಲಿ, ತಾರೀಖಿನ ಸ್ವೀಕೃತಿ ಕೊಡದ ಖಾತರಿ ಖಾತರಿಯಲ್ಲ.

ಮಹಾರಾಷ್ಟ್ರದ ಕೆಲಸದ ಸ್ಥಳಗಳೂ ಸ್ವರ್ಗವಾಗಿರಲಿಲ್ಲ. ಅಲ್ಲಿ ಕೂಲಿ ಅಗೆದ ಮಣ್ಣಿನ ಅಳತೆಗೆ. ಗುಂಡಿಯ ನಡುವೆ ಅಗೆಯದೆ ಒಂದು ಗುಡ್ಡೆ ಉಳಿಸದಿದ್ದರೆ ಆಳಕ್ಕೆ ಪುರಾವೆ ಇರುವುದಿಲ್ಲ, ಗಟ್ಟಿ ಮುರುಮನ್ನು ಮೃದು ಮಣ್ಣು ಎಂದು ಬರೆದರೆ ಅದೇ ಬೆವರಿಗೆ ಕಡಿಮೆ ಕಾಸು. ಮುದುಕರಿಗೆ, ಕಾಯಿಲೆಯವರಿಗೆ, ಎಳೆ ಬಾಣಂತಿಗೆ ‘ಬಂದು ಅಗೆಯಿರಿ’ ಎನ್ನುವುದು ಉತ್ತರವೇ ಅಲ್ಲ.

ಇನ್ನು ಕಾರ್ಡಿನ ವಿಷಯಕ್ಕೆ ಬಂದರೆ ಮಹಾರಾಷ್ಟ್ರ ನಮ್ಮ ಕರ್ನಾಟಕಕ್ಕಿಂತ ಜಿಪುಣ. ಬಡವರ ಹಳದಿ ರೇಷನ್ ಕಾರ್ಡಿಗೆ ವರ್ಷಕ್ಕೆ 15,000 ರೂಪಾಯಿ ಆದಾಯದ ಮಿತಿ. ಆಹಾರ ಭದ್ರತೆಯ ಆದ್ಯತಾ ಪಟ್ಟಿಗೆ 2013ರಲ್ಲಿ ಹಳ್ಳಿಗೆ 44,000, ಪಟ್ಟಣಕ್ಕೆ 59,000 ಎಂದು ಇಟ್ಟರು. ಖರ್ಚಿನಿಂದ ಬಡತನ ಅಳೆಯುವ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ 2011-12ಕ್ಕೆ ಮಹಾರಾಷ್ಟ್ರದ ಹಳ್ಳಿಯ ಬಡತನದ ಗೆರೆ ತಲೆಗೆ ತಿಂಗಳಿಗೆ 967 ರೂಪಾಯಿ, ಅಂದರೆ ಐದು ಜನರ ಮನೆಗೆ ವರ್ಷಕ್ಕೆ 58,020. ಗೆರೆಗಿಂತ ಕೆಳಗಿದ್ದವರನ್ನೂ ಕಾರ್ಡಿನ ಮಿತಿ ಹೊರಗೆ ತಳ್ಳುವಂತಿತ್ತು. ಹೆಂಗಸರಿಗೆ ತಿಂಗಳಿಗೆ ಕೊಡುವ ಲಾಡಕೀ ಬಹೀಣ್ ಯೋಜನೆಯ 1,500 ರೂಪಾಯಿಗೂ 2.5 ಲಕ್ಷದ ಆದಾಯದ ಷರತ್ತು ಇಟ್ಟು, ಹಣ ಕೊಟ್ಟ ಮೇಲೆ ಪರಿಶೀಲನೆ ಶುರುಮಾಡಿದರು. ಕೇಳದೆ ಕೊಡುವುದನ್ನು ಕಲಿಸಿದ ನೆಲವೇ ಅದನ್ನು ಮರೆಯುತ್ತಿದೆ.

ನಮ್ಮ ನರೇಗಾ ಕೂಲಿ 370 ಇದ್ದ ವರ್ಷ ಮಹಾರಾಷ್ಟ್ರದ್ದು 312. ಆರೋಗ್ಯ, ಶಿಕ್ಷಣ, ಜೀವನಮಟ್ಟ ನೋಡುವ ನೀತಿ ಆಯೋಗದ ಬಹು ಆಯಾಮದ ಲೆಕ್ಕದಲ್ಲಿ, 2019-21ರ ಸಮೀಕ್ಷೆಯಂತೆ, ಬಡವರ ಪ್ರಮಾಣ ಕರ್ನಾಟಕದಲ್ಲಿ ಶೇ. 7.58, ಮಹಾರಾಷ್ಟ್ರದಲ್ಲಿ ಶೇ. 7.81, ಹೆಚ್ಚೇನೂ ಅಂತರವಿಲ್ಲ. ಇನ್ನೊಂದನ್ನು ಒಪ್ಪಲೇಬೇಕು: 2023ರ ಜೂನ್ 11ರಿಂದ ನಮ್ಮ ಕೆಂಪು ಬಸ್ಸಿನಲ್ಲಿ ಹೆಂಗಸರು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡು ಕೂರುತ್ತಾರೆ. ಕಂಡಕ್ಟರ್ ಯಾರ ಆದಾಯವನ್ನೂ ಕೇಳುವುದಿಲ್ಲ. ಕಾರಿರುವವರು ಕಾರಿನಲ್ಲಿ ಹೋಗುತ್ತಾರೆ, ಸಿಂದಗಿಯ ಸಂತೆಗೆ ಹೊರಟವಳಿಗೆ ಸೀಟು ಸಿಗುತ್ತದೆ.